ಆರು ಸಬ್ಜೆಕ್ಟು, ಒಬ್ಬ ಮೇಷ್ಟ್ರು, ಎರಡು ದಿನದ ಟ್ರೇನಿಂಗು

ಸಾಫ್ಟ್‌ವೇರ್ ಕಂಪನಿಗಳು ನಮ್ಮನ್ನ ಹೇಗೆ ಸಾಕ್ತಾವೆ ಅಂತ ಒಂದು ಸಲ ಯೋಚಿಸಿ ನೋಡಿ. ವರ್ಷಕ್ಕೆ ಇಷ್ಟು ಗಂಟೆ ಕಲಿಯಲೇಬೇಕು ಅಂತ ಟಾರ್ಗೆಟ್ಟು. ಕ್ಲೌಡ್ ಸರ್ಟಿಫಿಕೇಷನ್ ಪರೀಕ್ಷೆ ಫೀಸು ಕಂಪನಿದೇ. ಹಳೇ ಫ್ರೇಮ್‌ವರ್ಕ್ ಹೋಗಿ ಹೊಸದು ಬಂತೋ, ಇಡೀ ಟೀಮನ್ನ ಮೂರು ದಿನ ಕೂರಿಸಿ, ಅದನ್ನ ನಿಜವಾಗಿ ಬಳಸಿ ಗೊತ್ತಿರೋ ಒಬ್ಬನನ್ನ ಕರೆಸಿ, ಮಧ್ಯಾಹ್ನ ಬಿರಿಯಾನಿ ಹಾಕಿ ಹೇಳಿಕೊಡ್ತಾರೆ. ಇದು ಪ್ರೀತಿಗಲ್ಲ ಅಂತ ನಮಗೂ ಗೊತ್ತು. ಹಳೇ ವಿದ್ಯೆ ಇಟ್ಕೊಂಡು ಹೊಸ ಕೆಲಸ ಮಾಡಿಸೋಕೆ ಆಗಲ್ಲ ಅನ್ನೋ ಸರಳ ಲೆಕ್ಕ ಅದು.

ಈಗ ನಮ್ಮೂರಿನಂಥ ಯಾವುದಾದರೂ ಊರಿನ ಸರ್ಕಾರಿ ಹೈಸ್ಕೂಲಿಗೆ ಬನ್ನಿ. ಅಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಒಬ್ಬರಿರ್ತಾರೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಈ ಆರನ್ನೂ ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆ ಅವರೇ ಮಾಡಬೇಕು. ಬಿಎನಲ್ಲಿ ಅವರು ಓದಿದ್ದು ಮೂರು ವಿಷಯ. ಎಚ್ಇಪಿ ಆಗಿದ್ರೆ ಪುಣ್ಯ, ಅರ್ಥಶಾಸ್ತ್ರದ ಪರಿಚಯ ಇರುತ್ತೆ. ಇತಿಹಾಸ, ಕನ್ನಡ, ಭೂಗೋಳ ಓದಿ ಬಂದವರಾದ್ರೆ ಬೇಡಿಕೆ ರೇಖೆ ಯಾಕೆ ಕೆಳಕ್ಕೆ ಇಳಿಯುತ್ತೆ ಅಂತ ಅವರಿಗೆ ಯಾವತ್ತೂ ಯಾರೂ ಹೇಳಿಕೊಟ್ಟಿರಲ್ಲ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ 'ಸಾರ್ವಜನಿಕ ಹಣಕಾಸು ಮತ್ತು ಆಯವ್ಯಯ' ಅಂತ ಪಾಠ ಇದೆ. ಅದನ್ನೂ ಅವರೇ ಮಾಡಬೇಕು. ಜಾವಾ ಡೆವಲಪರನ್ನ ಕರೆದು "ನೀನೂ ಕಂಪ್ಯೂಟರ್ ಓದಿದವನೇ ತಾನೇ, ನೆಟ್‌ವರ್ಕ್ ಸೆಕ್ಯುರಿಟಿನೂ ನೋಡ್ಕೋ" ಅಂದಹಾಗೆ ಇದು.

ಇತಿಹಾಸದಲ್ಲಿ ಈ ಹೊಂದಾಣಿಕೆ ಹೇಗೋ ನಡೆಯುತ್ತೆ. ಪ್ಲಾಸಿ ಕದನದ ಇಸವಿ ಬದಲಾಗಲ್ಲ. ಅರ್ಥಶಾಸ್ತ್ರದ ಕಥೆ ಹಾಗಲ್ಲ ಸ್ವಾಮಿ. 1998ರಲ್ಲಿ ಬಿಎ ಮುಗಿಸಿದ ಒಬ್ಬ ಮೇಷ್ಟ್ರನ್ನ ತಗೊಳ್ಳಿ. ಅವರು ಓದಿದ್ದು ಯೋಜನಾ ಆಯೋಗ, ಪಂಚವಾರ್ಷಿಕ ಯೋಜನೆ, ಮಾರಾಟ ತೆರಿಗೆ. 2005ರಲ್ಲಿ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂತು. 2015ರ ಜನವರಿ 1ಕ್ಕೆ ಯೋಜನಾ ಆಯೋಗದ ಜಾಗದಲ್ಲಿ ನೀತಿ ಆಯೋಗ ಕೂತಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ಹೋದವು. 2017ರಲ್ಲಿ ಬಜೆಟ್ ಫೆಬ್ರವರಿ 1ಕ್ಕೆ ಬಂತು, ರೈಲ್ವೆ ಬಜೆಟ್ ಅದರೊಳಗೆ ಸೇರಿಹೋಯ್ತು, ಹನ್ನೆರಡನೇ ಯೋಜನೆ ಮುಗಿದು ಹದಿಮೂರನೇದು ಬರಲೇ ಇಲ್ಲ, ಜುಲೈ 1ಕ್ಕೆ ಜಿಎಸ್‌ಟಿ ಶುರುವಾಯ್ತು. 2025ರ ಸೆಪ್ಟೆಂಬರ್ 22ಕ್ಕೆ ಆ ಜಿಎಸ್‌ಟಿಯ ಸ್ಲ್ಯಾಬುಗಳೇ ಬದಲಾದವು. ಇಷ್ಟೊಂದು ಬ್ರೇಕಿಂಗ್ ಚೇಂಜ್ ಇರೋ ಲೈಬ್ರರಿಯನ್ನ ಯಾವ ಡಾಕ್ಯುಮೆಂಟೇಷನ್ನೂ ಕೊಡದೆ ನಿಮ್ಮ ಕೈಗಿಟ್ಟಿದ್ರೆ, ಸಂಜೆಯೊಳಗೆ ಮ್ಯಾನೇಜರ್ ಜತೆ ಜಗಳ ಆಗಿರ್ತಿತ್ತು.

ಹಾಗಾದ್ರೆ ತರಬೇತಿಯೇ ಇಲ್ವಾ? ಇದೆ. ಕಾಗದದ ಮೇಲೆ ಬೇಕಾದಷ್ಟಿದೆ. 1964-66ರ ಕೊಠಾರಿ ಆಯೋಗವೇ ಪ್ರತಿ ಐದು ವರ್ಷದ ಸೇವೆಗೆ ಎರಡು ಮೂರು ತಿಂಗಳು ತರಬೇತಿ ಕೊಡಿ ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಅಂತ ಬರೆದಿದೆ. ಡಯಟ್ ಇದೆ, ಡಿಎಸ್ಇಆರ್‌ಟಿ ಇದೆ, ದೀಕ್ಷಾ ಅನ್ನೋ ಆ್ಯಪ್ ಇದೆ, ನಿಷ್ಠಾ ಅನ್ನೋ ಕಾರ್ಯಕ್ರಮ ಇದೆ. ಹೆಸರಿಡೋದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ.

ನನ್ನ ಜತೆ ಹೈಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತಿದ್ದ ಗೆಳೆಯ ಈಗ ಸಮಾಜ ವಿಜ್ಞಾನದ ಮೇಷ್ಟ್ರು. ಹೋದ ವರ್ಷ ಎರಡು ದಿನ ಒಒಡಿ ಹಾಕಿಸಿಕೊಂಡು ಟ್ರೇನಿಂಗಿಗೆ ಹೋಗಿ ಬಂದ. ಏನು ಹೇಳಿಕೊಟ್ರೋ ಅಂದೆ. ಅವನು ಹೇಳಿದ್ದನ್ನ ಹಾಗೇ ಬರೀತೀನಿ. ಮೊದಲ ದಿನ ಹನ್ನೊಂದರವರೆಗೆ ರಿಜಿಸ್ಟ್ರೇಷನ್, ಪ್ರಾರ್ಥನೆ, ಉದ್ಘಾಟನೆ. ಆಮೇಲೆ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಅಂದ್ರೆ ಯಾವ ಪಾಠಕ್ಕೆ ಎಷ್ಟು ಮಾರ್ಕು. ಮಧ್ಯಾಹ್ನ ಪಾಸಿಂಗ್ ಪ್ಯಾಕೇಜ್, ಅಂದ್ರೆ ಹಿಂದುಳಿದ ಹುಡುಗರನ್ನ ಮೂವತ್ತೈದು ದಾಟಿಸೋಕೆ ಯಾವ ಪ್ರಶ್ನೆ ಬಾಯಿಪಾಠ ಮಾಡಿಸಬೇಕು. ಎರಡನೇ ದಿನ ಗುಂಪು ಚಟುವಟಿಕೆ, ಚಾರ್ಟ್ ಬರೆಯೋದು, ಫೋಟೋ, ಪ್ರಮಾಣಪತ್ರ. ಪಾಠ ಮಾಡಿದ ಸಂಪನ್ಮೂಲ ವ್ಯಕ್ತಿ ಬೇರೆ ಯಾರೂ ಅಲ್ಲ, ಪಕ್ಕದ ಊರಿನ ಇನ್ನೊಬ್ಬ ಮೇಷ್ಟ್ರು. ಅವರು ಹಿಂದಿನ ವಾರ ಜಿಲ್ಲೆಗೆ ಹೋಗಿ ಕೇಳಿಕೊಂಡು ಬಂದಿದ್ದನ್ನ ಇಲ್ಲಿ ಹೇಳಿದ್ರು. ಅವರಿಗೆ ಹೇಳಿದವರು ಬೆಂಗಳೂರಿಂದ ಕೇಳಿಕೊಂಡು ಹೋಗಿದ್ರು.

ನನ್ನ ಗೆಳೆಯ ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದ್ನಂತೆ. "ಸಾರ್, ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಅಂತಾರಲ್ಲ, ಅದನ್ನ ಮಕ್ಕಳಿಗೆ ಹೇಗೆ ಹೇಳೋದು?"

"ಅದು ಪರೀಕ್ಷೆಗೆ ಬರಲ್ಲ ಬಿಡಿ ಮೇಷ್ಟ್ರೇ."

ಆ ಸಂಪನ್ಮೂಲ ವ್ಯಕ್ತಿ ಕೆಟ್ಟವರೇನಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಮೇಲಿನ ತೊಟ್ಟಿಯಲ್ಲೇ ನೀರಿಲ್ಲ, ಎಷ್ಟು ಪೈಪು ಜೋಡಿಸಿದ್ರೆ ಏನು ಬಂತು?

ನನ್ನ ತಕರಾರು ಇಲ್ಲಿದೆ. ನಮ್ಮ ತರಬೇತಿಗಳೆಲ್ಲ 'ಹೇಗೆ ಪಾಠ ಮಾಡಬೇಕು' ಅನ್ನೋದರ ಸುತ್ತ ಗಿರಕಿ ಹೊಡೀತಾವೆ. ಚಟುವಟಿಕೆ ಆಧಾರಿತ, ಆನಂದದಾಯಕ, ಮೌಲ್ಯಮಾಪನ, ಕಲಿಕಾ ಫಲ. 'ಏನು' ಅನ್ನೋದನ್ನ, ಅಂದ್ರೆ ವಿಷಯವನ್ನೇ, ಮೇಷ್ಟ್ರು ಮತ್ತೆ ಕೂತು ಕಲಿಯೋದಕ್ಕೆ ಅವುಗಳಲ್ಲಿ ಜಾಗವೇ ಇಲ್ಲ. ಮೇಷ್ಟ್ರಿಗೆ ವಿಷಯ ಗೊತ್ತಿದೆ ಅಂತ ಇಲಾಖೆ ಅಂದ್ಕೊಳ್ಳುತ್ತೆ. ಗೊತ್ತಿಲ್ಲ ಅಂತ ಒಪ್ಪಿಕೊಂಡ್ರೆ ಮರ್ಯಾದೆ ಹೋಗುತ್ತೆ ಅಂತ ಮೇಷ್ಟ್ರು ಸುಮ್ಮನಿರ್ತಾರೆ. ಕೊನೆಗೆ ಹಣದ ಕಾರ್ಯಗಳು ನಾಲ್ಕು ಅಂತ ಬೋರ್ಡಿನ ಮೇಲೆ ಬರೆದು, ನಕಲು ಮಾಡಿಸಿ, ಕೈ ತೊಳ್ಕೊಳ್ತಾರೆ.

ಅದರಿಂದ ಏನು ನಷ್ಟ ಅಂತೀರಾ? ಒಂದು ಲೆಕ್ಕ ಕೊಡ್ತೀನಿ. ಬೈಕ್ ತಗೊಳ್ಳೋಕೆ ಶೋರೂಮಿಗೆ ಹೋದ ಹುಡುಗನಿಗೆ ಫೈನಾನ್ಸಿನವನು 50 ಸಾವಿರ ಸಾಲ, ಎರಡು ವರ್ಷ, "ಬರೀ 12 ಪರ್ಸೆಂಟ್ ಫ್ಲಾಟ್ ಬ್ರದರ್" ಅಂತಾನೆ. ವರ್ಷಕ್ಕೆ 6 ಸಾವಿರ ಬಡ್ಡಿ, ಎರಡು ವರ್ಷಕ್ಕೆ 12 ಸಾವಿರ, ಒಟ್ಟು 62 ಸಾವಿರವನ್ನ 24 ಕಂತು ಮಾಡಿದ್ರೆ ತಿಂಗಳಿಗೆ 2,583 ರೂಪಾಯಿ. ಸರಿಯಾಗೇ ಕಾಣುತ್ತೆ ಅಲ್ವಾ? ಆದ್ರೆ ಹುಡುಗ ಪ್ರತಿ ತಿಂಗಳೂ ಅಸಲು ತೀರಿಸ್ತಾ ಬಂದಿರ್ತಾನೆ. ಕೊನೇ ತಿಂಗಳು ಅವನ ಮೇಲೆ ಉಳಿದಿರೋ ಸಾಲ ಹೆಚ್ಚೂಕಮ್ಮಿ ಎರಡೂವರೆ ಸಾವಿರ. ಆಗಲೂ 50 ಸಾವಿರದ ಲೆಕ್ಕದಲ್ಲೇ 500 ರೂಪಾಯಿ ಬಡ್ಡಿ ಕಟ್ಟಿರ್ತಾನೆ! ಉಳಿಕೆ ಸಾಲದ ಮೇಲೆ ಲೆಕ್ಕ ಹಾಕಿದ್ರೆ ಆ 12 ಪರ್ಸೆಂಟ್ ನಿಜದಲ್ಲಿ ಇಪ್ಪತ್ತೊಂದೂವರೆಗೂ ಸ್ವಲ್ಪ ಜಾಸ್ತಿ. ಹಾಗೇ ನಮ್ಮೂರುಗಳಲ್ಲಿ "ನೂರಕ್ಕೆ ಮೂರು" ಅಂದ್ರೆ ತಿಂಗಳಿಗೆ, ವರ್ಷಕ್ಕೆ ಮೂವತ್ತಾರು. ಅದೇ ಊರಿನ ಸೊಸೈಟಿಯಲ್ಲಿ ಬೆಳೆ ಸಾಲ ಸೊನ್ನೆ ಬಡ್ಡಿಗೆ ಸಿಗುತ್ತೆ. ಸೊನ್ನೆಗೂ ಮೂವತ್ತಾರಕ್ಕೂ ನಡುವೆ ಒಂದೇ ಬೀದಿಯ ಅಂತರ. ಆದರೂ ಜನ ಯಾಕೆ ಮೂವತ್ತಾರಕ್ಕೆ ಹೋಗ್ತಾರೆ? ಪಹಣಿ ಯಾರ ಹೆಸರಲ್ಲಿದೆ, ಯಾರಿಗೆ ಜಮೀನೇ ಇಲ್ಲ, ಮಗಳ ಮದುವೆಗೆ ಸೊಸೈಟಿ ಸಾಲ ಕೊಡುತ್ತಾ? ಇದು ಅರ್ಥಶಾಸ್ತ್ರ. ಇದಕ್ಕೆ ಬೇಕಾದ ಗಣಿತ ಹತ್ತನೇ ಕ್ಲಾಸಿನ ಮಕ್ಕಳಿಗೆ ಬರುತ್ತೆ, ಬೇಕಾದ ಅನುಭವ ಅವರ ಮನೆಯಲ್ಲೇ ಇದೆ. ಎರಡನ್ನೂ ಜೋಡಿಸೋ ಮೇಷ್ಟ್ರನ್ನ ಮಾತ್ರ ನಾವು ತಯಾರು ಮಾಡಿಲ್ಲ.

2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯೋಕೆ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಅದಕ್ಕೂ ಮುಂಚೆ ಕಂತು ಕಟ್ಟೋಕಾಗದೆ ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನೀವೂ ಓದಿರ್ತೀರಿ. ಅರ್ಥಶಾಸ್ತ್ರ ಕಲಿತಿದ್ರೆ ಆ ಮನೆಗಳು ಉಳೀತಿದ್ವು ಅಂತ ಹೇಳೋಷ್ಟು ಪೆದ್ದ ನಾನಲ್ಲ. ಬಡತನಕ್ಕೆ ಪಾಠ ಔಷಧಿ ಅಲ್ಲ. ಆದ್ರೆ ಅಂಥ ಮನೆಗಳಲ್ಲೂ ಹೈಸ್ಕೂಲಿಗೆ ಹೋಗೋ ಮಗಳೊಬ್ಬಳು ಇರ್ತಾಳೆ, ಅಮ್ಮನ ಸಂಘದ ಪಾಸ್‌ಬುಕ್ ಓದಿ ಹೇಳೋಳು ಅವಳೇ. ಎಷ್ಟನೇ ಸಾಲ ತೀರಿಸೋಕೆ ಎಷ್ಟನೇ ಸಾಲ ತಗೋತಿದ್ದೀವಿ ಅಂತ ಒಂದು ಹಾಳೆಯ ಮೇಲೆ ಬರೆದು ತೋರಿಸೋ ಶಕ್ತಿ ಅವಳಿಗೆ ಬರಬಹುದಿತ್ತು.

ಈ ಮಾತನ್ನ ಆಫೀಸಿನಲ್ಲಿ ತೆಗೆದ್ರೆ ಮೂರು ಉತ್ತರ ಬರುತ್ತೆ. ಮೊದಲನೇದು, "ಮೇಷ್ಟ್ರುಗಳಿಗೇ ಆಸಕ್ತಿ ಇಲ್ಲ ಗುರು, ಟ್ರೇನಿಂಗಿಗೆ ಹೋಗೋದೇ ಬೋಂಡಾ ತಿನ್ನೋಕೆ." ಅಂಥವರೂ ಇರಬಹುದು. ಸ್ವಾಮಿ, ವರ್ಷಕ್ಕೊಮ್ಮೆ ಬರೋ ಕಂಪ್ಲಯನ್ಸ್ ವಿಡಿಯೋವನ್ನ ನಮ್ಮ ಫ್ಲೋರಿನಲ್ಲಿ ಎಷ್ಟು ಜನ ಮ್ಯೂಟ್ ಮಾಡದೆ ನೋಡ್ತಾರೆ? ಕೆಲಸಕ್ಕೆ ಬಾರದ್ದನ್ನ ಕಡ್ಡಾಯ ಮಾಡಿದ್ರೆ ಎಂಜಿನಿಯರಾಗಲಿ ಮೇಷ್ಟ್ರಾಗಲಿ ಮಾಡೋದು ಒಂದೇ. ಮೇಷ್ಟ್ರುಗಳ ಪಾಲಿಗೆ ಚುನಾವಣೆ, ಸಮೀಕ್ಷೆ, ಮೊಟ್ಟೆ ಲೆಕ್ಕ, ಸ್ಯಾಟ್ಸ್ ಎಂಟ್ರಿ ಬೇರೆ ಇರುತ್ತೆ. ಅದೆಲ್ಲ ಮುಗಿಸಿ ರಾತ್ರಿ ಮೊಬೈಲಲ್ಲಿ ಮಾಡ್ಯೂಲ್ ಓಡಿಸಿ ಸರ್ಟಿಫಿಕೇಟ್ ಇಳಿಸ್ಕೊಳ್ತಾರೆ.

ಎರಡನೇದು, "ಎಲ್ಲಾ ಯೂಟ್ಯೂಬಲ್ಲಿ ಇದೆ." ಇದೆ, ಇಂಗ್ಲಿಷಿನಲ್ಲಿ ಧಾರಾಳವಾಗಿ ಇದೆ. ಕನ್ನಡದಲ್ಲಿ ಹುಡುಕಿದ್ರೆ ಮೊದಲು ಸಿಗೋದು ಆಪ್ಷನ್ ಟ್ರೇಡಿಂಗ್ ಕಲಿಸ್ತೀನಿ ಅನ್ನೋರು.

ಮೂರನೇದು ನನಗೆ ಹೆಚ್ಚು ಸಿಟ್ಟು ತರಿಸೋದು: "ಫೈನಾನ್ಷಿಯಲ್ ಲಿಟರಸಿ ಕಲಿಸಿದ್ರೆ ಸಾಕು." ನಾನು ಹಿಂದೆ ಇದ್ದ ಒಂದು ಕಂಪನಿಯವರು ಹಳ್ಳಿ ಶಾಲೆಯೊಂದಕ್ಕೆ ಶನಿವಾರ ಬಸ್ಸು ಮಾಡಿಕೊಂಡು ಹೋದ್ರು. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು. ತಿಂಗಳಿಗೆ ಸಾವಿರ ಎಸ್ಐಪಿ ಹಾಕಿದ್ರೆ ಮೂವತ್ತು ವರ್ಷಕ್ಕೆ ಎಷ್ಟಾಗುತ್ತೆ ಅಂತ ಸ್ಲೈಡ್ ತೋರಿಸಿದ್ರು. ಎದುರಿಗೆ ಕೂತಿದ್ದು ಟೊಮೇಟೊ ಬೆಳೆಯೋರ ಮಕ್ಕಳು. ಒಂದು ಸಲ ಕೇಳೋರಿಲ್ಲದೆ ರಸ್ತೆಗೆ ಸುರಿಯೋ ಅದೇ ಟೊಮೇಟೊ 2023ರ ಜುಲೈನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿದ್ದು ಯಾಕೆ, ಆ ನೂರರಲ್ಲಿ ಕೋಲಾರದ ಮಂಡಿಯಿಂದ ಅಪ್ಪನ ಕೈಗೆ ಬಂದದ್ದೆಷ್ಟು, ನಡುವೆ ಯಾರ್‍ಯಾರಿದ್ದಾರೆ, ಅವರು ಯಾಕಿದ್ದಾರೆ ಅಂತ ಕೇಳೋ ಹಕ್ಕು ಆ ಮಕ್ಕಳಿಗಿದೆ. ದುಡ್ಡು ಉಳಿಸೋದು ಹೇಗೆ ಅನ್ನೋದು ಒಳ್ಳೆ ಅಭ್ಯಾಸ. ದುಡ್ಡು ನಮ್ಮ ಮನೆಗೆ ಯಾಕೆ ಬರ್ತಿಲ್ಲ ಅನ್ನೋದು ಅರ್ಥಶಾಸ್ತ್ರ. ಎರಡನೇದನ್ನ ಹೇಳೋ ಮೇಷ್ಟ್ರು ಇಲ್ಲದ ಕಡೆ ಮೊದಲನೇದನ್ನ ಮಾತ್ರ ಹೇಳಿದ್ರೆ, ಬಡವನಾಗಿರೋದು ನಿನ್ನ ಅಪ್ಪನ ಶಿಸ್ತಿಲ್ಲದ ತಪ್ಪು ಅಂತ ಮಗನಿಗೆ ಹೇಳಿಕೊಟ್ಟ ಹಾಗಾಗುತ್ತೆ.

ಇನ್ನು, ಪಾಠಕ್ಕೆ ಸರಕು ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು, ನಾವು ಟೀ ಕುಡಿಯೋ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಬಿತ್ತು. ತರಕಾರಿಗೆ ಜಿಎಸ್‌ಟಿನೇ ಇಲ್ವಲ್ಲ ಸಾರ್, ತರಕಾರಿಯವನಿಗೆ ಯಾಕೆ ನೋಟಿಸು? ವಹಿವಾಟು ಅಂದ್ರೆ ಲಾಭನಾ? 40 ಲಕ್ಷದ ಮಿತಿ ಯಾಕೆ? ಒಂದು ವಾರದ ಪಾಠ ಅದು, ಪೂರ್ತಿ ಸಾರ್ವಜನಿಕ ಹಣಕಾಸು. ಮೇಷ್ಟ್ರಿಗೆ ಅದನ್ನ ಎತ್ತಿಕೊಳ್ಳೋ ಧೈರ್ಯ ಬೇಕು. ತಾನೇ ಅರ್ಥ ಮಾಡಿಕೊಂಡಿದ್ದರೆ ಮಾತ್ರ ಅದು ಬರುತ್ತೆ.

ಹೇಳಿಕೊಡೋ ಜನವೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್ ಇದೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ. 1972ರಲ್ಲಿ ಅದನ್ನ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅದಕ್ಕೆ ಸ್ವಲ್ಪ ಮುಂಚೆ ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದವರು. ತಾಲ್ಲೂಕಿಗೊಂದು ಸರ್ಕಾರಿ ಡಿಗ್ರಿ ಕಾಲೇಜಿದೆ, ಅಲ್ಲಿ ಅರ್ಥಶಾಸ್ತ್ರ ಎಂಎ ಮಾಡಿದ ಲೆಕ್ಚರರ್ ಇದ್ದಾರೆ. ಅವರಿಗೂ ಹೈಸ್ಕೂಲ್ ಮೇಷ್ಟ್ರಿಗೂ ಮದುವೆ ಮನೆಯಲ್ಲಿ ಬಿಟ್ರೆ ಭೇಟಿಯೇ ಇಲ್ಲ, ಯಾಕಂದ್ರೆ ಇಲಾಖೆ ಬೇರೆ. ತಿಂಗಳಿಗೊಂದು ಶನಿವಾರ ತಾಲ್ಲೂಕಿನ ಇಪ್ಪತ್ತು ಮೂವತ್ತು ಮೇಷ್ಟ್ರುಗಳನ್ನ ಆ ಕಾಲೇಜಿನ ಒಂದು ಕೋಣೆಯಲ್ಲಿ ಕೂರಿಸಿ. ಒಂದು ಸಲ ಸೊಸೈಟಿ ಸೆಕ್ರೆಟರಿ ಬಂದು ತಮ್ಮ ಲೆಡ್ಜರ್ ಬಿಚ್ಚಲಿ, ಇನ್ನೊಂದು ಸಲ ಗ್ರಾಮ ಪಂಚಾಯ್ತಿಯ ಬಜೆಟ್ಟು, ಮತ್ತೊಂದು ಸಲ ಆ ಫ್ಲಾಟ್ ಬಡ್ಡಿಯ ಲೆಕ್ಕ. ವರ್ಷದಲ್ಲಿ ಹತ್ತು ಶನಿವಾರ, ದಿನಕ್ಕೆ ಐದು ಗಂಟೆ. ಶಿಕ್ಷಣ ನೀತಿಯ 50 ಗಂಟೆ ಅಲ್ಲಿಗೇ ಆಯ್ತು. ಉದ್ಘಾಟನೆ ಬೇಡ, ನೀಲನಕ್ಷೆ ಬೇಡ. ಆ ದಿನಕ್ಕೆ ಬದಲಿ ರಜೆ, ಬಸ್ ಚಾರ್ಜು, ಊಟ ಕೊಡಿ. ಗೊತ್ತಿಲ್ಲ ಅಂತ ಹೇಳಿದವರಿಗೆ ಅವಮಾನ ಆಗದ ಹಾಗೆ ನೋಡಿಕೊಳ್ಳಿ.

ದುಡ್ಡೆಲ್ಲಿ ಅಂದ್ರೆ, ಇದನ್ನ ಓದ್ತಿರೋ ನಿಮ್ಮ ಆಫೀಸಿನ ಎರಡನೇ ಮಹಡಿಯಲ್ಲಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಿಎಸ್ಆರಿಗೆ ಇಡಬೇಕು, ಅದರಲ್ಲಿ ಶಿಕ್ಷಣವೂ ಬರುತ್ತೆ. ಬಹಳ ಕಂಪನಿಗಳು ಅದರಲ್ಲಿ ಗೋಡೆಗೆ ಬಣ್ಣ ಬಳೀತಾವೆ, ಬ್ಯಾಗ್ ಹಂಚ್ತಾವೆ, ಸ್ಮಾರ್ಟ್ ಬೋರ್ಡ್ ಹಾಕ್ತಾವೆ, ಯಾಕಂದ್ರೆ ಅವುಗಳ ಮೇಲೆ ಲೋಗೋ ಅಂಟಿಸಬಹುದು. ನನ್ನ ಗೆಳೆಯನ ಶಾಲೆಯಲ್ಲೂ ಒಂದು ಸ್ಮಾರ್ಟ್ ಬೋರ್ಡ್ ಇದೆ. ಧೂಳು ಕೂರದಿರಲಿ ಅಂತ ಅದಕ್ಕೆ ಹಳೇ ಪಂಚೆ ಹೊದಿಸಿದ್ದಾರೆ. ಮಾರ್ಚ್ ಒಳಗೆ ಬಜೆಟ್ ಖಾಲಿ ಮಾಡಬೇಕು ಅಂತ ಜನವರಿಯಿಂದಲೇ ಸಿಎಸ್ಆರ್ ಟೀಮಿನಿಂದ ಇಮೇಲ್ ಬರುತ್ತೆ, ವಾಲಂಟಿಯರ್ಸ್ ಬೇಕು, ಐಡಿಯಾ ಇದ್ರೆ ಕಳಿಸಿ ಅಂತ. ಈ ಸಲ ಡಿಲೀಟ್ ಮಾಡಬೇಡಿ. ಒಂದು ತಾಲ್ಲೂಕು, ಹತ್ತು ಶನಿವಾರ, ಮೂವತ್ತು ಮೇಷ್ಟ್ರು, ಒಬ್ಬ ಎಕನಾಮಿಕ್ಸ್ ಲೆಕ್ಚರರ್‌ಗೆ ಗೌರವಧನ, ಇಷ್ಟನ್ನ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ ಕಳಿಸಿ. ಎಷ್ಟಾಗುತ್ತೆ ಅಂತ ನಾನು ಲೆಕ್ಕ ಹಾಕಿದೆ: ನಾವು ಹೋದ ಸಲ ಟೀಮ್ ಔಟಿಂಗಿಗೆ ಹೋದ ರೆಸಾರ್ಟಿನ ಬಿಲ್ಲಿಗಿಂತ ಕಮ್ಮಿ.