ಹೊಲಕ್ಕಿಳಿಯುವ ಕಾಲು

ಬರಿಗಾಲಿನಲ್ಲಿ ಕೆಸರು ತುಳಿದು, ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂಡುವ ಲಕ್ಷ್ಮೇಶ್ವರ, ಮುಂಡರಗಿಗಳ ರೈತನಿಗೆ ಬೂಟು ತೊಡಿಸಿದ ಕೃತಕ ಕಾಲು ಬರಿಯ ಅಲಂಕಾರ. ಜೈಪುರದಲ್ಲಿ 1968ರ ಸುಮಾರಿಗೆ ಈ ಕೊರತೆಯನ್ನು ನೀಗಿದವರು ಕುಶಲಕರ್ಮಿ ರಾಮಚಂದ್ರ ಶರ್ಮರು ಮತ್ತು ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿಯವರು. ಮರವನ್ನೂ ಸ್ಪಂಜು ರಬ್ಬರನ್ನೂ ಒಳಗಿಟ್ಟು, ಮೇಲೆ ಗಟ್ಟಿ ರಬ್ಬರು ಹೊದಿಸಿದ ಅವರ ಪಾದವು ಏರುತಗ್ಗಿಗೆ ತಕ್ಕಂತೆ ಮಣಿಯುತ್ತದೆ, ನೀರಿಗೂ ಅಂಜುವುದಿಲ್ಲ. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೋಬಾಟುಗಳೇ ರೋಗಿಗೆ ಹೆಜ್ಜೆ ಕಲಿಸುತ್ತಿರುವುದು ನಿಜ. ಆದರೆ ಗದಗ-ಬೆಟಗೇರಿ, ಶಿರಹಟ್ಟಿಗಳ ಬಡವನ ಕೈಗೆಟುಕುವುದು ನೆರೆಯ ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಲ್ಲಿ ದೊರೆಯುವ ಜೈಪುರ ಕಾಲೇ. ಕಾಲು ಕಳೆದುಕೊಂಡವನನ್ನು ಜಗಲಿಯ ಮೇಲೆ ಕೂಡಿಸಿ ಮರುಗುವುದಕ್ಕಿಂತ, ಅಲ್ಲಿಗೆ ಕರೆದೊಯ್ದು ಅವನನ್ನು ಮರಳಿ ಹೊಲಕ್ಕಿಳಿಸುವುದೇ ನಿಜವಾದ ಅಕ್ಕರೆ.