ಬದನೆಕಾಯಿ ಮಾಡಿದ ತಪ್ಪಾದರೂ ಏನು?

ಮೈಮೇಲೆ ಪಿತ್ತದ ಗಂಧೆ ಎದ್ದರೆ ನಮ್ಮ ಕಡೆ ಮೊದಲ ಪ್ರಶ್ನೆ, "ನಿನ್ನೆ ಏನು ತಿಂದೆ?" ಉತ್ತರದಲ್ಲಿ ಬದನೆಕಾಯಿ ಇದ್ದರೆ ಮುಗೀತು. ನಂಜು ಅಂತ ತೀರ್ಪು. ಅಜ್ಜಿಯರು ಹಾಗಂದರೆ ನನಗೇನೂ ಬೇಜಾರಿಲ್ಲ, ಅವರು ಫೀಸು ಕೇಳಲ್ಲ. ಅದೇ ಪ್ರಶ್ನೆಯನ್ನ ಎಸಿ ರೂಮಲ್ಲಿ ಕೂತು, ರಕ್ತ ತೆಗೆದು, ಸಾವಿರಗಟ್ಟಲೆ ಬಿಲ್ಲು ಮಾಡಿ ಕೇಳ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ಮೂರು ವರ್ಷದ ಹಿಂದಿನ ಮಾತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿದ್ದೆ. ಬೆಳಗಿನ ಚಳಿಯಲ್ಲಿ ತುಂಗೆಯಲ್ಲಿ ಮುಳುಗು ಹಾಕಿ ಎದ್ದರೆ ಮೈತುಂಬಾ ಗಂಧೆ, ತುಟಿ ಊದಿತ್ತು, ಕಣ್ಣು ಕತ್ತಲೆ ಬಂದು ದಡದಲ್ಲೇ ಕೂತುಬಿಟ್ಟೆ. ಹಿಂದಿನ ರಾತ್ರಿ ಅತ್ತೆ ಮನೆಯಲ್ಲಿ ಎಣ್ಣೆಗಾಯಿ ತಿಂದಿದ್ದೆನಲ್ಲ, ಅಪರಾಧಿ ಸಿಕ್ಕಿಬಿದ್ದ! ಆಮೇಲೆ ಬೆಂಗಳೂರಿನ ಒಂದು ಲ್ಯಾಬಿನವರು ಉದ್ದ ಪಟ್ಟಿ ಕೊಟ್ಟರು. ಶೇಂಗಾ, ಹಾಲು, ಗೋಧಿ, ಬದನೆ... ಎರಡು ವರ್ಷ ಎಲ್ಲಾ ಬಿಟ್ಟೆ. ಗಂಧೆ ನನ್ನನ್ನು ಬಿಡಲಿಲ್ಲ.

ಕೊನೆಗೆ ಒಬ್ಬರು ವಯಸ್ಸಾದ ಚರ್ಮದ ಡಾಕ್ಟರು ಪ್ಲಾಸ್ಟಿಕ್ ಕವರಿನಲ್ಲಿ ಐಸ್ ತುಂಡು ಸುತ್ತಿ ನನ್ನ ಮುಂಗೈ ಮೇಲೆ 5 ನಿಮಿಷ ಇಟ್ಟರು. ತೆಗೆದ ಹತ್ತು ನಿಮಿಷಕ್ಕೆ ಅಲ್ಲಿ ಐಸ್ ಆಕಾರದ್ದೇ ಗಂಧೆ! ಚಳಿಗೆ ಏಳುವ ಗಂಧೆ ಇದು, ಇನ್ನು ತಣ್ಣೀರಿಗೆ ಇಳೀಬೇಡಿ ಅಂದರು. ಇಡೀ ಮೈ ತಣ್ಣೀರಲ್ಲಿ ಮುಳುಗಿದರೆ ರಕ್ತದೊತ್ತಡ ಕುಸಿದು ನೀರಲ್ಲೇ ಪ್ರಜ್ಞೆ ತಪ್ಪಬಹುದಂತೆ. ಎಣ್ಣೆಗಾಯಿಯನ್ನು ಬೈತಾ ಕೂತ ಎರಡು ವರ್ಷದಲ್ಲಿ ನಾನು ಎಷ್ಟು ಸಲ ಹೊಳೆಗೆ ಇಳಿದಿದ್ದೆನೋ!

ವಿಷಯ ಇಷ್ಟೇ. ನಮ್ಮ ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಕರುಳಿನಲ್ಲಿ ಮಾಸ್ಟ್ ಕೋಶಗಳು ಅಂತ ಕಾವಲುಗಾರರಿದ್ದಾರೆ. ಒಳಗೆಲ್ಲ ಹಿಸ್ಟಮಿನ್ ತುಂಬಿದ ಕಾಳುಗಳು. (1878ರಲ್ಲಿ ಹೆಸರಿಟ್ಟ ಪಾಲ್ ಎರ್ಲಿಶ್ ಇವನ್ನು ಚೆನ್ನಾಗಿ ಮೇದು ಕೊಬ್ಬಿದ ಕೋಶ ಅಂದುಕೊಂಡಿದ್ದರು, ಜರ್ಮನ್ನಿನ ಮಾಸ್ಟ್ ಅಂದರೆ ಕೊಬ್ಬಿಸೋದು!) ಕಾಳು ಒಡೆದರೆ ತುರಿಕೆ, ಊತ. ಒಡೆಯೋಕೆ ಐಜಿಇ ಅನ್ನೋ ಪ್ರತಿಕಾಯ ಒಂದೇ ಕಾರಣ ಅಲ್ಲ. ಚಳಿ, ಬಿಸಿಲು, ಬೆವರು, ಬಿಗಿಯಾದ ಬೆಲ್ಟು, ಇವೆಲ್ಲಕ್ಕೂ ಒಡೆಯುತ್ತೆ. ಸಿಪ್ರೋಫ್ಲಾಕ್ಸಸಿನ್‌ನಂಥ ಮಾತ್ರೆಗಳು ಐಜಿಇಯ ಹಂಗೇ ಇಲ್ಲದೆ ಬೇರೊಂದು ಬಾಗಿಲಿನಿಂದ ಈ ಕೋಶವನ್ನು ಕೆರಳಿಸಬಲ್ಲವು ಅಂತ 2015ರಲ್ಲಿ ತೋರಿಸಿದ್ದಾರೆ. ಆಸ್ಪಿರಿನ್ ತರದ ನೋವಿನ ಮಾತ್ರೆಯಿಂದ ಇರುವ ಗಂಧೆ ಹೆಚ್ಚಾಗೋದುಂಟು. ಕೆಲವರಲ್ಲಿ ಸ್ವಂತ ಪ್ರತಿಕಾಯಗಳೇ ಈ ಕೋಶಗಳ ಮೇಲೆ ತಿರುಗಿಬೀಳುತ್ತವೆ, ಅಂಥವರಲ್ಲಿ ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದು.

ಹಾಗಾದ್ರೆ ಊಟಕ್ಕೆ ಸಂಬಂಧವೇ ಇಲ್ವಾ ಅಂತೀರಾ? ಇದೆ ಸ್ವಾಮಿ. ಶೇಂಗಾ ತಿಂದ ಕೆಲವೇ ನಿಮಿಷದಲ್ಲಿ ಪ್ರತಿ ಸಲ ಬಾಯಿ ಊದಿದರೆ ಅದು ಅಲರ್ಜಿಯೇ, ಪರೀಕ್ಷೆ ಬೇಕೇ ಬೇಕು. ಇನ್ನೂ ಸ್ವಾರಸ್ಯದ್ದೊಂದಿದೆ. ಕೆಲವರಿಗೆ ಚಪಾತಿ ತಿಂದರೆ ಏನೂ ಆಗಲ್ಲ, ಓಡಿದರೂ ಏನೂ ಆಗಲ್ಲ. ಚಪಾತಿ ತಿಂದು ಓಡಿದರೆ ಮಾತ್ರ ಜೀವಕ್ಕೇ ಬರುತ್ತೆ! ಲ್ಯಾಬಿನ ಪಟ್ಟಿ ಗೋಧಿ ಅಂತ ಹೇಳೀತು, ಓಡಿದ್ದನ್ನು ಯಾರು ಹೇಳ್ತಾರೆ? ಪಕ್ಕದಲ್ಲಿ ಕೂತು "ಆಗ ಏನು ಮಾಡ್ತಿದ್ರಿ" ಅಂತ ಕೇಳುವವರೇ ಹೇಳಬೇಕು. ರಕ್ತದಲ್ಲಿ ಐಜಿಇ ಸಿಕ್ಕಿದೆ ಅಂದರೆ ದೇಹಕ್ಕೆ ಆ ಪದಾರ್ಥದ ಗುರುತಿದೆ ಅಂತ ಮಾತ್ರ, ಕಾಯಿಲೆ ಅದರಿಂದಲೇ ಅಂತಲ್ಲ. 6 ವಾರ ದಾಟಿದ ಗಂಧೆಗೆ ಕಣ್ಣುಮುಚ್ಚಿ ಇಂಥ ಪಟ್ಟಿ ಮಾಡಿಸಬೇಡಿ ಅಂತ ವೈದ್ಯರ ಮಾರ್ಗಸೂಚಿಗಳೇ ಹೇಳುತ್ತವೆ.

ಅಡುಗೆ ಬ್ಲಾಗಿನ ಗೆಳತಿಯರೇ, ನಿಮಗೊಂದು ಜಗಳ ಬಾಕಿ ಇದೆ. "ಅಲರ್ಜಿ ಇದ್ದವರು ತಿನ್ನಬಾರದ ತರಕಾರಿಗಳು" ಅಂತ ಎಲ್ಲರಿಗೂ ಒಂದೇ ಪಟ್ಟಿ ಹಾಕ್ತೀರಲ್ಲ, ಯಾರ ಅಲರ್ಜಿ, ಯಾವುದರ ಅಲರ್ಜಿ? ಮಕ್ಕಳಿಗೆ ಹಾಲು ಮೊಟ್ಟೆ ಬಿಡಿಸೋ ಅಮ್ಮಂದಿರು ಅದನ್ನೇ ಓದ್ತಾರೆ ಕಣ್ರೀ.

ನಾನೀಗ ಡಾಕ್ಟರು ಹೇಳಿದ ಸೆಟಿರಿಝಿನ್ ನುಂಗಿ, ಬಿಸಿನೀರಲ್ಲಿ ಸ್ನಾನ ಮಾಡಿ ಆರಾಮಾಗಿದ್ದೀನಿ. ಮೊನ್ನೆ ಅತ್ತೆ ಮನೆಯಲ್ಲಿ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡೆ. ಅತ್ತೆ ಬಡಿಸ್ತಾ ಇದ್ದರೂ ಬಾಯಲ್ಲಿ ಅದೇ ಮಾತು, "ಸಾಕು ಮಾರಾಯ, ನಂಜು!"