ಟ್ರೇಲರ್ ನೋಡಿ ಬೈದವರು ಕಂಡಿದ್ದೇನು, ಕಾಣದ್ದೇನು?

2024ರ ಜೂನ್ 9ರಂದು ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಟ್ರೇಲರ್ ಬಂತು. ಹತ್ತು ವರ್ಷ ಕಾದಿದ್ದ ಅಭಿಮಾನಿಗಳು ರೊಚ್ಚಿಗೆದ್ದರು. ರಾಜಕೀಯ, ದ್ರೋಹ, ರಕ್ತಪಾತದ ಕಥೆ ಹೇಳುತ್ತಿದ್ದ ಸರಣಿ ಕಾರ್ಟೂನ್ ಥರ ಆಗೋಯ್ತು ಅನ್ನೋದು ಸಿಟ್ಟು. ಎರಡೇ ದಿನಕ್ಕೆ ಬಯೋವೇರ್ ಸುಮಾರು 20 ನಿಮಿಷದ ಗೇಮ್‌ಪ್ಲೇ ಬಿಟ್ಟಿತು. ಅದರಲ್ಲಿ ಕತ್ತಲೆಯ ನಗರವಿತ್ತು, ಸೋಲಸ್‌ನನ್ನು ತಡೆಯುವ ಧಾವಂತವಿತ್ತು. ಎಷ್ಟೋ ಜನ ಸಮಾಧಾನವಾದರು.

ಅಕ್ಟೋಬರ್ 31ಕ್ಕೆ ಗೇಮ್ ಬಿಡುಗಡೆಯಾಯಿತು. 2025ರ ಜನವರಿಯಲ್ಲಿ ಮಾತೃಸಂಸ್ಥೆ ಇಎ ಕೊಟ್ಟ ಲೆಕ್ಕ: ಆಡಿದವರು ಸುಮಾರು 15 ಲಕ್ಷ, ನಿರೀಕ್ಷೆಗಿಂತ ಹೆಚ್ಚುಕಡಿಮೆ ಶೇ 50 ಕಮ್ಮಿ.

ಹಾಗಾದ್ರೆ ಅಭಿಮಾನಿಗಳು ಹೇಳಿದ್ದೇ ಸರಿನಾ? ಅರ್ಧ ಸರಿ. ಧಾಟಿ ಬದಲಾಗಿದೆ ಎಂಬುದನ್ನು ಅವರು ಒಂದೇ ನೋಟಕ್ಕೆ ಹಿಡಿದರು. ಆದರೆ ಕಾರಣ ಹುಡುಕುವಾಗ ಜಗಳ ‘ವೋಕ್’ ಕಡೆ ತಿರುಗಿತು. ಈ ಗೇಮನ್ನು ಕೆಲವು ವರ್ಷ ಆನ್‌ಲೈನ್ ಮಲ್ಟಿಪ್ಲೇಯರ್ ಆಗಿ ಕಟ್ಟಲಾಗುತ್ತಿತ್ತು. ‘ಆ್ಯಂಥಮ್’ ನೆಲಕಚ್ಚಿದ ಮೇಲೆ ಮತ್ತೆ ಒಬ್ಬರೇ ಆಡುವ ಗೇಮ್ ಮಾಡಲು ಹೊರಟರು. ಗೆಳೆಯರು ಗುಂಪಾಗಿ ಪದೇಪದೇ ಆಡೋ ಆಟಕ್ಕೆ ಹಗುರ ಮಾತು ಒಪ್ಪುತ್ತೆ. ನಿಮ್ಮ ಒಂದು ನಿರ್ಧಾರಕ್ಕೆ ರಾಜ್ಯವೇ ಉರುಳುವ ಕಥೆಗೆ ಒಪ್ಪಲ್ಲ.

ಬಿಡುಗಡೆಗೆ ನಾಲ್ಕೂವರೆ ತಿಂಗಳಿರುವಾಗ ಬಗ್ ಸರಿಮಾಡಬಹುದು, ಬಣ್ಣ ತಿದ್ದಬಹುದು. ಅಡಿಪಾಯ ಬದಲಿಸೋಕಾಗಲ್ಲ. ಕೊನೆಗೆ ಕೆಲಸ ಕಳೆದುಕೊಂಡವರಲ್ಲಿ ಬಯೋವೇರ್‌ನ ಹಳೆಯ ಬರಹಗಾರರೂ ಇದ್ದರು. ಮಲ್ಟಿಪ್ಲೇಯರ್ ಬೇಕು ಎಂದು ಮೊದಲು ತೀರ್ಮಾನಿಸಿದ್ದು ಆಡಳಿತ. ಅಭಿಮಾನಿಗಳ ಬೈಗುಳ ಮಾತ್ರ ಬಹುಪಾಲು ಸಂಭಾಷಣೆ ಬರೆದವರ ಮೇಲೆಯೇ ಬಿತ್ತು.